ಕಂಡರೂ ಪ್ರಮಾಣಿಸಿ ನೋಡು

ವಿನ್ಯಾಸವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ಸೀರೆಯ ಸೆರಗು, ಒಡವೆಯ ಕುಸುರಿ, ಪುಸ್ತಕದ ರಕ್ಷಾಪುಟ ನೆನಪಿಗೆ ಬರುತ್ತವೆ. ಇವು ವಿನ್ಯಾಸಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾವು ಕುಳಿತಿರುವ ಕುರ್ಚಿ, ಹತ್ತಿಳಿಯುವ ಮೆಟ್ಟಿಲು, ಬಾವಿಯ ರಾಟೆ, ಬಸ್ಸಿನಲ್ಲಿ ನಿಂತವರು ಹಿಡಿದುಕೊಳ್ಳುವ ಕಂಬಿ, ಇವೆಲ್ಲವೂ ಯಾರೋ ಯೋಚಿಸಿ ಕೊಟ್ಟ ಆಕಾರಗಳೇ. ಆ ಯೋಚನೆ ಸರಿಯಾಗಿದ್ದರೆ ವಸ್ತುವೊಂದು ಅಲ್ಲಿದೆಯೆಂಬುದೇ ನಮಗೆ ಮರೆತುಹೋಗುತ್ತದೆ. ತಪ್ಪಾಗಿದ್ದರೆ ನಮ್ಮ ಬೆನ್ನೋ, ಮೊಣಕಾಲೋ, ಕಣ್ಣೋ ದಿನವೂ ಅದಕ್ಕೆ ದಂಡ ತೆರುತ್ತಿರುತ್ತದೆ.

ಆ ಯೋಚನೆ ಎಲ್ಲಿಂದ ಹುಟ್ಟಬೇಕು? ಕಾಗದದ ಮೇಲೆ ಗೆರೆಯೆಳೆಯುವ ಮುನ್ನ ವಿನ್ಯಾಸಕಾರನು ಏನನ್ನು ನೋಡಬೇಕು, ಹೇಗೆ ನೋಡಬೇಕು? ಈ ವಿಷಯವಾಗಿ ನನ್ನ ಅನುಭವಕ್ಕೆ ಬಂದ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿ ಉಂಟಷ್ಟೆ. ಹಿರಿಯರು ಅದನ್ನು ಚಾಡಿಮಾತಿಗೆ ಕಿವಿಗೊಡಬೇಡವೆಂಬ ಅರ್ಥದಲ್ಲಿ ಬಳಸುತ್ತಿದ್ದರು. ನನ್ನ ವೃತ್ತಿಗೆ ಅದಕ್ಕಿಂತ ದೊಡ್ಡ ಪಾಠವಿಲ್ಲವೆಂಬುದು ನನಗೆ ತಿಳಿಯುವ ಹೊತ್ತಿಗೆ ತಲೆ ನರೆಯತೊಡಗಿತ್ತು.

ನಾನು ಮನೆಗಳ ನಕ್ಷೆ ಬರೆಯುವವನು. ಮೊದಲು ಕಟ್ಟಿಸಿದ ಸ್ವಂತ ಮನೆಯಲ್ಲಿ, ಹಳ್ಳಿಯಿಂದ ಬಂದು ನಮ್ಮೊಡನೆ ನೆಲೆಸಿದ ತಾಯಿಯವರಿಗಾಗಿ ಅಡುಗೆಮನೆಯನ್ನು ಬಹಳ ಆಸ್ಥೆಯಿಂದ ರೂಪಿಸಿದ್ದೆ. ಜೀವಮಾನವೆಲ್ಲ ನೆಲದ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹೊಗೆ ಕುಡಿದವರು. ಇನ್ನು ಮೇಲಾದರೂ ನಿಂತು ಸುಖವಾಗಿ ಅಡುಗೆ ಮಾಡಲಿ ಎಂಬುದು ನನ್ನ ಆಸೆ. ಕಟ್ಟೆಯ ಎತ್ತರವನ್ನು ಒಂದು ಕೈಪಿಡಿಯಿಂದ ತೆಗೆದುಕೊಂಡೆ: 36 ಅಂಗುಲ. ಮೇಲೆ ನುಣುಪಾದ ಕಡಪಾ ಕಲ್ಲು, ಎಡಕ್ಕೆ ಕಿಟಕಿ, ಧಾರಾಳವಾದ ಬೆಳಕು. ನೋಡಿದವರೆಲ್ಲ ಮೆಚ್ಚಿದರು. “ಅನುಕೂಲವಾಗಿದೆಯೇನಮ್ಮಾ?” ಎಂದು ತಾಯಿಯವರನ್ನು ಕೇಳಿದೆ. “ಚೆನ್ನಾಗಿದೆ ಕಣಪ್ಪ, ಇನ್ನೇನು ಬೇಕು?” ಎಂದರು. ಅಲ್ಲಿಗೆ ನನ್ನ ಸಂಶೋಧನೆ ಮುಗಿಯಿತು.

ಮೂರು ವರ್ಷಗಳ ನಂತರ ನನಗೆ ಕಾಮಾಲೆಯಾಗಿ ಹದಿನೈದು ದಿನ ನಡುಮನೆಯಲ್ಲಿ ಮಲಗಬೇಕಾಯಿತು. ನನ್ನ ಮಂಚಕ್ಕೆ ಅಡುಗೆಮನೆ ನೇರವಾಗಿ ಕಾಣುತ್ತಿತ್ತು. ಓದಲು ಶಕ್ತಿಯಿಲ್ಲ, ಸುಮ್ಮನೆ ನೋಡುತ್ತ ಮಲಗಿದ್ದೆ. ತಾಯಿಯವರು ನೆಲದ ಮೇಲೆ ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚುವರು, ಒಲೆಯ ಮೇಲಿನ ಬೇಳೆ ಉಕ್ಕಿತೆಂದು ಕಟ್ಟೆಯ ಅಂಚನ್ನು ಒಂದು ಕೈಯಲ್ಲಿ, ಮೊಣಕಾಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಏಳುವರು, ಸೌಟಾಡಿಸಿ ಮತ್ತೆ ಕುಳಿತು ಕಾಯಿ ತುರಿಯುವರು, ಮತ್ತೆ ಏಳುವರು. ಎರಡನೆಯ ದಿನ ಎಣಿಸಿದೆ. ಒಲೆ ಹೊತ್ತಿಸಿದಲ್ಲಿಂದ ಎಲೆ ಹಾಕುವವರೆಗೆ ಇಪ್ಪತ್ತೆರಡು ಸಲ ಅವರು ಹಾಗೆ ಕುಳಿತು ಎದ್ದರು. ರಾತ್ರಿಯ ವೇಳೆ ಅವರ ಕೋಣೆಯಿಂದ ಬರುತ್ತಿದ್ದ ನೋವಿನೆಣ್ಣೆಯ ವಾಸನೆ ನನಗೆ ಅಪರಿಚಿತವೇನೂ ಆಗಿರಲಿಲ್ಲ. ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಇನ್ನೊಂದು ಸಂಗತಿ. ಒಲೆಯ ಮುಂದೆ ಯಾವಾಗಲೂ ಊಟದ ಮಣೆಯೊಂದು ಬಿದ್ದಿರುತ್ತಿತ್ತು. ಯಾರಾದರೂ ಎಡವಿಯಾರೆಂದು ಅದನ್ನು ನಾನೇ ಎಷ್ಟೋ ಸಲ ಎತ್ತಿ ಗೋಡೆಗೆ ಒರಗಿಸಿದ್ದುಂಟು. ತಾಯಿಯವರು ಒಂದು ಮಾತೂ ಆಡದೆ ಅದನ್ನು ಮತ್ತೆ ಅಲ್ಲಿಗೇ ತಂದಿಡುತ್ತಿದ್ದರು. ಪಾತ್ರೆಯೊಳಗೆ ಇಣುಕಿ ನೋಡಲು ಅವರು ಆ ಮಣೆಯ ಮೇಲೆ ಹತ್ತಿ ನಿಲ್ಲುತ್ತಿದ್ದರು! ಕೈಪಿಡಿಯ 36 ಅಂಗುಲ ನಮ್ಮವರಿಗಿಂತ ಎತ್ತರದ ಹೆಂಗಸರಿಗೆ ಹೊಂದಿದ ಲೆಕ್ಕ. ನನ್ನ ತಾಯಿಯ ಎತ್ತರ ನಾಲ್ಕಡಿ ಎಂಟಂಗುಲ. ಊರವರ ಮನೆಗಳನ್ನೆಲ್ಲ ಅಳೆಯುತ್ತಿದ್ದ ನಾನು ಅವರ ಎತ್ತರವನ್ನು ಅಳೆದದ್ದು ಆ ಕಾಮಾಲೆಯ ನಂತರ.

ಕೇಳುವುದಕ್ಕೂ ನೋಡುವುದಕ್ಕೂ ಇರುವ ಅಂತರ ಇದು. ತಾಯಿಯವರು ನನಗೆ ಸುಳ್ಳು ಹೇಳಿರಲಿಲ್ಲ. ಮಗ ಪ್ರೀತಿಯಿಂದ ಕಟ್ಟಿಸಿದ್ದಾನೆ ಎಂಬುದಕ್ಕೆ ಅವರು ಕೊಟ್ಟ ಉತ್ತರ ಅದು. ಕಟ್ಟೆಯ ವಿಷಯವಾಗಿ ಅವರು ಕೊಟ್ಟ ಉತ್ತರ ಆ ಮಣೆಯಲ್ಲಿತ್ತು. ಜನ ತಮಗೊದಗಿದ ಅನಾನುಕೂಲವನ್ನು ಬಾಯಲ್ಲಿ ಹೇಳುವುದು ಕಡಿಮೆ. ಕೈಯಿಂದ ತಿದ್ದಿಕೊಳ್ಳುವುದು ಹೆಚ್ಚು. ಹಿಡಿಗೆ ಸುತ್ತಿದ ಬಟ್ಟೆ, ಮೇಜಿನ ಕಾಲಿಗೆ ಕೊಟ್ಟ ಕಲ್ಲು, ಕಿಟಕಿಗೆ ಸಿಕ್ಕಿಸಿದ ರಟ್ಟು, ಉದ್ಯಾನದ ಹಾದಿಯನ್ನು ಬಿಟ್ಟು ಹುಲ್ಲಿನ ನಡುವೆ ಜನ ತುಳಿದು ಮಾಡಿದ ಕಾಲುದಾರಿ, ಇವೆಲ್ಲ ಬಳಸುವವರು ಬರೆದಿಟ್ಟ ಟಿಪ್ಪಣಿಗಳು. ಅವನ್ನು ಓದಲು ಬಾರದವನು ಅವನ್ನು ಕಸವೆಂದು ಎತ್ತಿಡುತ್ತಾನೆ, ನಾನು ಆ ಮಣೆಯನ್ನು ಎತ್ತಿಟ್ಟಂತೆ.

ಬಳಸುವವರು ಏನನ್ನು ತಿದ್ದಿಕೊಳ್ಳುತ್ತಾರೆಂಬುದರಂತೆಯೇ ಏನನ್ನು ಬಿಟ್ಟುಬಿಡುತ್ತಾರೆ ಎಂಬುದೂ ಒಂದು ಸಾಕ್ಷ್ಯವೇ. ಜಯಪುರದ ಕಾಲಿನ ಕಥೆ ಇದಕ್ಕೆ ಉಜ್ವಲವಾದ ನಿದರ್ಶನ. 1960ರ ದಶಕದಲ್ಲಿ ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರವೈದ್ಯರಾಗಿದ್ದ ಡಾ. ಪಿ. ಕೆ. ಸೇಠಿಯವರು, ಕಾಲು ಕಳೆದುಕೊಂಡವರು ಕೃತಕ ಕಾಲನ್ನು ಪಡೆದು ಹೋದಮೇಲೂ ಅದನ್ನು ಮೂಲೆಗಿಟ್ಟು ಊರುಗೋಲಿನಲ್ಲೇ ನಡೆಯುವುದನ್ನು ಕಂಡರು. ಅಜ್ಞಾನವೆಂದೋ ಸೋಮಾರಿತನವೆಂದೋ ಇದನ್ನು ತಳ್ಳಿಹಾಕುವುದು ಸುಲಭವಿತ್ತು. ಆದರೆ ಆ ಜನ ದಿನವಿಡೀ ಏನು ಮಾಡುತ್ತಾರೆಂದು ಗಮನಿಸಿದಾಗ ಕಾರಣ ತಾನಾಗಿ ತೆರೆದುಕೊಂಡಿತು. ಪಾಶ್ಚಾತ್ಯ ಮಾದರಿಯ ಆ ಪಾದ ಬೂಟಿನೊಳಗೆ ಇರುವುದಕ್ಕೆಂದು ರೂಪುಗೊಂಡದ್ದು. ಅದನ್ನು ಹಾಕಿಕೊಂಡವನು ಕುರ್ಚಿಯ ಮೇಲೆ ಕೂರುತ್ತಾನೆಂದು ಅದು ನಂಬಿತ್ತು. ನಮ್ಮ ರೈತನಾದರೋ ಕುಕ್ಕರಗಾಲಿನಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಬೇಕು, ಕೆಸರಿನಲ್ಲಿ ಇಳಿಯಬೇಕು, ಅಡುಗೆಮನೆಗೂ ಗುಡಿಗೂ ಬರಿಗಾಲಿನಲ್ಲಿ ಹೋಗಬೇಕು. ಬೂಟಿಲ್ಲದೆ ನಡೆಯದ ಕಾಲು ಅವನಿಗೆ ಕಾಲೇ ಅಲ್ಲ.

ಆಗ ಸೇಠಿಯವರಿಗೆ ಜೊತೆಯಾದವರು ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ. ಅವರದು ಪುಸ್ತಕದ ವಿದ್ಯೆಯಲ್ಲ, ಬೆರಳುಗಳ ವಿದ್ಯೆ. ಟಯರು ಕೆಲಸದವರು ರಬ್ಬರನ್ನು ಕಾಯಿಸಿ ಗಟ್ಟಿಮಾಡುವ ವಿಧಾನವನ್ನೇ ಬಳಸಿ, ಒಳಗೆ ಮರ ಮತ್ತು ಮೆತ್ತನೆಯ ರಬ್ಬರು, ಹೊರಗೆ ಚರ್ಮದ ಬಣ್ಣದ ಗಟ್ಟಿ ರಬ್ಬರು ಇರುವ ಪಾದವನ್ನು ಇಬ್ಬರೂ ರೂಪಿಸಿದರು. ಅದು ಎಲ್ಲ ದಿಕ್ಕಿಗೂ ಬಾಗುತ್ತಿತ್ತು, ನೀರಿಗೆ ಅಂಜುತ್ತಿರಲಿಲ್ಲ, ಬೂಟನ್ನು ಬೇಡುತ್ತಿರಲಿಲ್ಲ. 1975ರಲ್ಲಿ ಜಯಪುರದಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ದೇಶವಿದೇಶಗಳ ಬಡವರಿಗೆ ಮುಟ್ಟಿಸಿತು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಇಷ್ಟಕ್ಕೆಲ್ಲ ಮೂಲ, ಮೂಲೆಗಿಟ್ಟ ಕಾಲನ್ನು ಕಂಡವರು ರೋಗಿಯನ್ನು ಬಯ್ಯದೆ ಕಾಲನ್ನೇ ಸಂಶಯಿಸಿದ್ದು.

ವಿಫಲವಾದ ವಸ್ತುವಿನಿಂದ ಹೀಗೆ ಕಲಿಯಬಹುದಾದರೆ, ಸಫಲವಾದ ವಸ್ತುವಿನಿಂದಲೂ ಕಲಿಯಬಹುದಲ್ಲವೆ? ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರು ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿಗೆ ಬಂದು, ದೇಶವನ್ನು ಸುತ್ತಿ, 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಪ್ರೇರಣೆಯಾದದ್ದು ಆ ವರದಿಯೇ. ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅತ್ಯಂತ ಶ್ರೇಷ್ಠವೆಂದು ಅವರು ಎತ್ತಿ ಹೇಳಿದ್ದು ಉತ್ತರದವರು ಲೋಟಾ ಎನ್ನುವ, ನಾವು ಚೊಂಬು ಎಂದು ಕರೆಯುವ ಸಾಮಾನ್ಯ ಪಾತ್ರೆಯನ್ನು.

ಮೆಚ್ಚಿ ಸುಮ್ಮನಾಗದೆ, ಅಂಥದೊಂದು ಪಾತ್ರೆಯನ್ನು ಇಂದು ಹೊಸದಾಗಿ ರೂಪಿಸಬೇಕಾದರೆ ಏನೇನನ್ನು ಯೋಚಿಸಬೇಕೆಂದು ಅವರು ಪ್ರಶ್ನೆಗಳ ಒಂದು ಸಾಲನ್ನೇ ಬರೆದರು. ಎಷ್ಟು ನೀರು ಹಿಡಿಸಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು, ಎಷ್ಟು ಬಲವುಳ್ಳದ್ದು? ಹೊರುವುದು ತಲೆಯ ಮೇಲೋ, ಸೊಂಟದ ಮೇಲೋ, ಕೈಯಲ್ಲೋ? ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ? ಬಗ್ಗಿಸಿದಾಗ ನೀರು ಹೇಗೆ ಹರಿಯುತ್ತದೆ? ಒಳಗಿನ ಬಿಸಿ ಕೈಗೆ ತಾಗುತ್ತದೆಯೇ? ಬೆಳಗಲು ಸುಲಭವೇ? ಕಲ್ಲಿಗೆ ತಗುಲಿದರೆ ಎಂಥ ಸದ್ದು ಬರುತ್ತದೆ? ಕೊನೆಗೆ ಮುರುಕು ಲೋಹವಾಗಿ ಮಾರಿದರೆ ಎಷ್ಟು ಬಂದೀತು? ಯಾವನೋ ಒಬ್ಬನು ಕುಳಿತು ಚೊಂಬನ್ನು ರೂಪಿಸಲಿಲ್ಲವೆಂದೂ, ತಲೆಮಾರುಗಳ ಬಳಕೆಯೇ ಅದನ್ನು ತಿದ್ದಿತೆಂದೂ ಅವರ ನಿರ್ಣಯ. ನಮ್ಮ ಮನೆಯ ಬಚ್ಚಲಿನಲ್ಲಿ ಬಿದ್ದಿರುವ ವಸ್ತುವಿಗೆ ಇಷ್ಟು ಪ್ರಶ್ನೆಗಳನ್ನು ಕೇಳಲು ಹೊರಗಿನವರ ಕಣ್ಣು ಬೇಕಾಯಿತು. ಪರಿಚಯವೇ ನೋಟಕ್ಕೆ ಪರದೆಯಾಗುವುದುಂಟು. ಅದನ್ನು ಸರಿಸುವ ಉಪಾಯವೆಂದರೆ ಗೊತ್ತಿರುವ ವಸ್ತುವಿಗೆ ಗೊತ್ತಿಲ್ಲದವನಂತೆ ಪ್ರಶ್ನೆ ಹಾಕುವುದು.

ಹಾಗಾದರೆ ಚೆನ್ನಾಗಿ ನೋಡಿ, ಅಳೆದು, ಎಣಿಸಿದರೆ ಸಾಕೇ? ಸಾಲದು ಎಂಬುದಕ್ಕೆ ನಮ್ಮ ನಾಡಿನದೇ ಒಂದು ಪ್ರಸಂಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ, ಗ್ರಾಮಗಳಿಗೆ ಉಪಯುಕ್ತವಾದ ತಂತ್ರಜ್ಞಾನವನ್ನು ರೂಪಿಸಲು ‘ಅಸ್ತ್ರ’ ಎಂಬ ಕೇಂದ್ರ ಪ್ರಾರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಅದನ್ನು ಆರಿಸಿ ತರಲು ಹೆಂಗಸರೂ ಮಕ್ಕಳೂ ಎಷ್ಟು ಹೊತ್ತು ತಿರುಗುತ್ತಾರೆ, ದನಗಳಿಂದ ಎಷ್ಟು ಸಗಣಿ ಸಿಗುತ್ತದೆ ಎಂಬುದನ್ನೆಲ್ಲ ತೂಗಿ, ಗಂಟೆಗಳಲ್ಲಿ ಲೆಕ್ಕವಿಟ್ಟರು. ಹಳ್ಳಿಯ ಶಕ್ತಿಯ ಬಹುಪಾಲು ಒಲೆಗೇ ಹೋಗುತ್ತದೆಂದು ಸ್ಪಷ್ಟವಾಯಿತು. ಆದುದರಿಂದ ಪುರ ಎಂಬ ಗ್ರಾಮದಲ್ಲಿ, 1977ರ ಎಣಿಕೆಯಂತೆ 357 ಜನರಿದ್ದ ಚಿಕ್ಕ ಊರಿನಲ್ಲಿ, ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿದರು. ಉದ್ದೇಶ ಅಡುಗೆಗೆ ಗ್ಯಾಸು ಕೊಡುವುದು.

ಆ ಉದ್ದೇಶ ಕೈಗೂಡಲಿಲ್ಲ. ಸಿಕ್ಕ ಸಗಣಿಯಿಂದ ಬಂದ ಗ್ಯಾಸು ಎಲ್ಲ ಮನೆಗಳ ಪೂರ್ತಿ ಅಡುಗೆಗೆ ಸಾಲದಾಯಿತು. ಅದಕ್ಕಿಂತ ಮುಖ್ಯವಾಗಿ, ಸೌದೆ ಅವರಿಗೆ ಕಾಸು ಕೊಡದೆ ಸಿಗುತ್ತಿತ್ತು; ಅವರನ್ನು ನಿಜವಾಗಿ ಕಾಡುತ್ತಿದ್ದದ್ದು ಕುಡಿಯುವ ನೀರು. ವಿಜ್ಞಾನಿಗಳು ಹಟಹಿಡಿಯದೆ ದಾರಿ ಬದಲಿಸಿದರು. 1987ರಿಂದ ಅದೇ ಗ್ಯಾಸನ್ನು ಡೀಸೆಲ್ಲಿನೊಡನೆ ಎಂಜಿನ್ನಿಗೆ ಉಣಿಸಿ, ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಏರಿಸಲಾಯಿತು. ಮನೆಗಳಿಗೆ ದೀಪವೂ ಬಂತು. ಸಗಣಿ ತಂದುಕೊಟ್ಟವರಿಗೆ ಅಲ್ಪ ಹಣವೂ, ಗ್ಯಾಸು ತೆಗೆದ ನಂತರದ ಗೊಬ್ಬರವೂ ದೊರೆಯುತ್ತಿತ್ತು. ಈಗ ಊರವರೇ ಸ್ಥಾವರವನ್ನು ತಮ್ಮದೆಂದು ನೋಡಿಕೊಂಡರು. ಮೊದಲಿನ ತಮ್ಮ ಎಣಿಕೆ ಎಲ್ಲಿ ತಪ್ಪಿತೆಂಬುದನ್ನು ರೆಡ್ಡಿಯವರೂ ಸಂಗಡಿಗರೂ ಮರೆಮಾಚದೆ ಬರೆದಿದ್ದಾರೆ. ಆ ಪ್ರಾಮಾಣಿಕತೆಯ ಬಗೆಗೆ ನನಗೆ ಅಪಾರ ಗೌರವವಿದೆ. ಅಳತೆಗಳೆಲ್ಲ ಸರಿಯಾಗಿದ್ದೂ ಪ್ರಶ್ನೆ ನಮ್ಮದಾಗಿದ್ದರೆ, ಉತ್ತರವೂ ನಮಗೇ ಉಳಿಯುತ್ತದೆ.

ಈ ನೋಟವನ್ನು ಕಲಿಸಬಹುದೇ ಎಂದು ನನ್ನ ಬಳಿ ಕೆಲಸ ಕಲಿಯಲು ಬಂದ ತರುಣರು ಕೇಳುತ್ತಿದ್ದರು. ಕಲಿಸಬಹುದೋ ಏನೋ, ಅಭ್ಯಾಸದಿಂದ ಕಲಿಯುವುದಂತೂ ಸಾಧ್ಯ. ಅವರಿಗೆ ನಾನು ಒಂದು ಪುಸ್ತಕ ಕೊಟ್ಟು ಹಾಳೆಯ ನಡುವೆ ಗೆರೆಯೆಳೆಸುತ್ತಿದ್ದೆ. ಎಡಗಡೆ ಕಣ್ಣಿಗೆ ಕಂಡದ್ದು, ಬಲಗಡೆ ಮನಸ್ಸಿಗೆ ತೋರಿದ್ದು. “ಅಜ್ಜಿ ಮಣೆಯ ಮೇಲೆ ಹತ್ತಿದರು” ಎಂಬುದು ಎಡಕ್ಕೆ. “ಕಟ್ಟೆ ಎತ್ತರವಾಯಿತು” ಎಂಬುದು ಬಲಕ್ಕೆ. ಮೊದಮೊದಲು ಎಲ್ಲರ ಬಲಭಾಗವೇ ತುಂಬಿರುತ್ತಿತ್ತು; ಎಡಭಾಗ ಬರಿದು. ನೋಡುವುದಕ್ಕೆ ಮೊದಲೇ ತೀರ್ಪು ಕೊಡುವ ಅಭ್ಯಾಸ ನಮಗೆ ಅಷ್ಟು ಆಳವಾಗಿದೆ. ಕೆಲವು ತಿಂಗಳು ಕಳೆದಮೇಲೆ ಎಡಭಾಗ ಬೆಳೆಯುತ್ತಿತ್ತು. ಒಂದೇ ಸಲ ನೋಡಿದರೆ ಸಾಲದು, ಬೆಳಿಗ್ಗೆ ಕಂಡದ್ದನ್ನು ಸಂಜೆಯೂ, ಬೇಸಗೆಯಲ್ಲಿ ಕಂಡದ್ದನ್ನು ಮಳೆಗಾಲದಲ್ಲೂ ನೋಡಬೇಕೆಂದು ಅವರಿಗೇ ತೋರುತ್ತಿತ್ತು. ಎಲ್ಲಕ್ಕಿಂತ ಕಷ್ಟದ ಪಾಠ ಕೊನೆಯದು: ತಾನೇ ಮಾಡಿಕೊಟ್ಟ ವಸ್ತುವಿನ ಬಳಿಗೆ ಮರಳಿ ಹೋಗಿ, ಹೊಗಳಿಕೆಗೆ ಕಿವಿಗೊಡದೆ, ಅದು ಹೇಗೆ ಬಳಕೆಯಾಗುತ್ತಿದೆಯೆಂದು ನೋಡುವುದು.

ನನ್ನ ಅಡುಗೆಮನೆಯನ್ನೂ ನಾನು ಒಂದೇ ಏಟಿಗೆ ಸರಿಪಡಿಸಲಿಲ್ಲ. ನಿಂತು ಹೆಚ್ಚಲೆಂದು ಮೊದಲು ಒಂದು ಚಾಕು, ಹಲಗೆ ತಂದುಕೊಟ್ಟೆ. ಎರಡು ದಿನ ನನ್ನ ಮನಸ್ಸಂತೋಷಕ್ಕೆ ಬಳಸಿ ತಾಯಿಯವರು ಅವನ್ನು ಕಪಾಟಿನಲ್ಲಿಟ್ಟರು. ಈಳಿಗೆಮಣೆಯಲ್ಲಿ ಕಾಲು ಮಣೆಯನ್ನು ಒತ್ತಿ ಹಿಡಿಯುತ್ತದೆ, ಎರಡು ಕೈಗಳೂ ತರಕಾರಿಗೆ ಬಿಡುವಾಗಿರುತ್ತವೆ. ಅರವತ್ತು ವರ್ಷಗಳ ಆ ಹದವನ್ನು ಬಿಡಿಸಲು ನಾನು ಯಾರು? ಕೊನೆಗೆ ಒಲೆಯ ಕಟ್ಟೆಯನ್ನು 30 ಅಂಗುಲಕ್ಕೆ ಇಳಿಸಿ, ಅದರ ಪಕ್ಕದಲ್ಲಿ ಒಂದೂಕಾಲು ಅಡಿ ಎತ್ತರದ, ಜಗಲಿಯಂತೆ ಅಗಲವಾದ ಕಲ್ಲುಕಟ್ಟೆಯನ್ನು ಕಟ್ಟಿಸಿದೆ. ಈಳಿಗೆಮಣೆ, ತುರಿಯುವ ಮಣೆ ಅದರ ಮೇಲೇರಿದವು. ತಾಯಿಯವರು ಅಲ್ಲಿ ಕಾಲು ಮಡಿಸಿ ಕುಳಿತು, ಬೇಕಾದಾಗ ಕಾಲು ಇಳಿಬಿಟ್ಟು, ನೆಲದಿಂದ ಏಳುವ ಆಯಾಸವಿಲ್ಲದೆ ಎದ್ದು ನಿಲ್ಲುತ್ತಿದ್ದರು. ಮೊಣಕಾಲಿನ ನೋವು ಹೋಗಲಿಲ್ಲ. ಮೂರು ವರ್ಷಗಳ ಏಳುಬೀಳನ್ನು ಹಿಂದಕ್ಕೆ ಪಡೆಯುವ ವಿನ್ಯಾಸ ಯಾರ ಬಳಿಯೂ ಇಲ್ಲ. ಈ ಸಲ ನಾನು ಅವರನ್ನು ಏನೂ ಕೇಳಲಿಲ್ಲ. ಒಂದು ವಾರ ಕಳೆದಮೇಲೆ ನೋಡಿದೆ. ಊಟದ ಮಣೆ ಒಲೆಯ ಮುಂದೆ ಇರಲಿಲ್ಲ. ಊಟದ ಸ್ಥಳಕ್ಕೆ ಮರಳಿತ್ತು.

ವಿನ್ಯಾಸ ನಿಮ್ಮ ವೃತ್ತಿಯಲ್ಲದಿರಬಹುದು. ಆದರೂ ಒಂದು ದಿನ ಅರ್ಧ ಗಂಟೆ ಬಿಡುವು ಮಾಡಿಕೊಂಡು, ನಿಮ್ಮ ಮನೆಯಲ್ಲಿ ಕೆಲಸ ಮಾಡುವವರನ್ನು, ಅವರು ಮನೆಯವರಾಗಲಿ ಕೆಲಸದವರಾಗಲಿ, ಅವರಿಗೆ ಮುಜುಗರವಾಗದಂತೆ ಗಮನಿಸಿರಿ. ಎಷ್ಟು ಸಲ ಬಗ್ಗುತ್ತಾರೆ, ಯಾವುದಕ್ಕೆ ಎಟುಕುವುದಿಲ್ಲ, ಯಾವುದನ್ನು ದಾರದಿಂದ ಕಟ್ಟಿಕೊಂಡಿದ್ದಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಅವರ ಬಾಯಿಂದ ದೂರು ಬರುವವರೆಗೂ ಕಾಯಬೇಡಿರಿ. ನಮ್ಮನ್ನು ಪ್ರೀತಿಸುವವರು ದೂರುವುದಿಲ್ಲ, ನಮಗೆ ಅಂಜುವವರೂ ದೂರುವುದಿಲ್ಲ.

(ಬಾನುಲಿ ಭಾಷಣ)