ಸ್ವಿಚ್ಚು ಆರಿಸಿದರೆ ಸಾಕೆ?

ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮೂಡಿಗೆರೆ, ಕಳಸ ಸೀಮೆಯ ಕಾಫಿ ಬೆಳೆಗಾರರು ಹೂಮಳೆಗಾಗಿ ಕಾದಿರುತ್ತಾರೆ. ಆ ಮಳೆಯೊಡನೆ ಸಿಡಿಲೂ ಬರುವುದುಂಟು. ಆಗ ಮನೆಯ ವಿದ್ಯುದುಪಕರಣಗಳನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದರೆ ಸಾಕೆ?

ಸ್ವಿಚ್ಚನ್ನು ಆರಿಸಿದಾಗ ಅದರೊಳಗೆ ಕೆಲವೇ ಮಿಲಿಮೀಟರುಗಳ ಅಂತರ ಉಂಟಾಗುತ್ತದೆ. ಮನೆಗೆ ಬರುವ 230 ವೋಲ್ಟುಗಳ ವಿದ್ಯುತ್ತನ್ನು ತಡೆಯಲು ಅಷ್ಟು ಸಾಕು. ಆದಕಾರಣ ಇಸ್ತ್ರಿಪೆಟ್ಟಿಗೆಯಂತಹ ಉಪಕರಣಗಳನ್ನು ಬಳಸಿದೊಡನೆ ಆರಿಸುವುದು ಒಳ್ಳೆಯ ಅಭ್ಯಾಸ. ಆದರೆ ಮುಗಿಲಿನಿಂದ ನೆಲದವರೆಗೆ ಗಾಳಿಯನ್ನು ಸೀಳಿ ಬರುವ ಸಿಡಿಲಿಗೆ ಈ ಅಂತರ ಅಡ್ಡಿಯೇ ಅಲ್ಲ. ತೋಟದ ಒಂಟಿಮನೆಗಳಿಗೆ ದೂರದಿಂದ ಬರುವ ತಂತಿಗಳು ಅದರ ಆಘಾತವನ್ನು ಒಳಕ್ಕೆ ಒಯ್ಯಬಲ್ಲವು. ಸಾಮಾನ್ಯ ಸ್ವಿಚ್ಚು ಒಂದು ತಂತಿಯನ್ನಷ್ಟೇ ಬೇರ್ಪಡಿಸುತ್ತದೆ. ಪ್ಲಗ್ಗನ್ನು ಕಿತ್ತರೆ ಎಲ್ಲ ತಂತಿಗಳೂ ಬೇರ್ಪಡುತ್ತವೆ.

ಆದುದರಿಂದ ಮೋಡ ಕವಿಯುತ್ತಲೇ ಪ್ಲಗ್ಗನ್ನು ಕಿತ್ತಿಡಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಬಾರದು. ಉಪಕರಣ ಮರಳಿ ದೊರೆಯುತ್ತದೆ, ಪ್ರಾಣ ದೊರೆಯದು.