ಸರ್ವರ್‌ಗೆ ನೆಟ್‌ವರ್ಕ್ ಕಾರ್ಡ್: ಖರೀದಿಗೆ ಮುನ್ನ

ಸಗಟು ಮಳಿಗೆಯ ಬಿಲ್ಲಿಂಗ್, ದಾಸ್ತಾನು, ಜಿ.ಎಸ್.ಟಿ. ಲೆಕ್ಕ ಎಲ್ಲವೂ ಇಂದು ಸಾಮಾನ್ಯವಾಗಿ ಒಂದೇ ಸರ್ವರನ್ನು ಅವಲಂಬಿಸಿರುತ್ತವೆ. ಸರ್ವರ್ ಕೊಳ್ಳುವಾಗ ಪ್ರೊಸೆಸರ್, ಹಾರ್ಡ್ ಡಿಸ್ಕ್‌ಗಳ ಬಗ್ಗೆ ನಾಲ್ಕು ಕಡೆ ವಿಚಾರಿಸುವ ವರ್ತಕರು, ಅದನ್ನು ಉಳಿದ ಗಣಕಗಳಿಗೆ ಜೋಡಿಸುವ ನೆಟ್‌ವರ್ಕ್ ಕಾರ್ಡಿನ ಆಯ್ಕೆಯನ್ನು ಮಾತ್ರ ಸರಬರಾಜುದಾರರ ಮರ್ಜಿಗೆ ಬಿಡುತ್ತಾರೆ. ತಿಂಗಳ 20ರಂದು ರಿಟರ್ನ್ ಸಲ್ಲಿಸುವ ಹೊತ್ತಿಗೆ ಸಂಪರ್ಕ ಕಡಿದಾಗಲೇ ಅದರ ನೆನಪಾಗುವುದು.

ಪೂರ್ಣವಾಗಿ ಕೆಟ್ಟ ಕಾರ್ಡು ಅಷ್ಟು ಅಪಾಯಕಾರಿಯಲ್ಲ, ಬದಲಿಸಿದರಾಯಿತು. ಸದ್ದಿಲ್ಲದೆ ಮಾಹಿತಿ ಕೆಡಿಸುವ ಕಾರ್ಡೇ ಹೆಚ್ಚು ನಷ್ಟ ತರುತ್ತದೆ. ತಂತಿಯಲ್ಲಿ ಉಂಟಾಗುವ ದೋಷವನ್ನು ಈಥರ್‌ನೆಟ್‌ನ ಸಿ.ಆರ್.ಸಿ. ಪರೀಕ್ಷೆ ಬಹುಮಟ್ಟಿಗೆ ಹಿಡಿಯುತ್ತದೆ. ಆದರೆ ಆ ಪರೀಕ್ಷೆ ಮುಗಿದ ಬಳಿಕ, ಕಾರ್ಡಿನಿಂದ ಗಣಕದ ಮೆಮೊರಿಗೆ ಸಾಗುವಾಗ ಆಗುವ ದೋಷ ಅದರ ಕಣ್ಣಿಗೆ ಬೀಳದು. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಪ್ರಕಟಿಸಿದ ಅಧ್ಯಯನದಲ್ಲಿ, 1,100ರಿಂದ 32,000 ಪ್ಯಾಕೆಟ್‌ಗಳಿಗೆ ಒಂದರಂತೆ ಟಿ.ಸಿ.ಪಿ. ಮೊತ್ತ ತಾಳೆಯಾಗದಿರುವುದು ಕಂಡುಬಂದಿತ್ತು. ಹಲವು ಕಾರ್ಡುಗಳು ಪ್ರೊಸೆಸರ್‌ನ ಹೊರೆ ತಗ್ಗಿಸಲು ಈ ತಾಳೆಯನ್ನೂ ತಾವೇ ನೋಡುತ್ತವೆ. ಕಾರ್ಡೇ ದೋಷಯುಕ್ತವಾಗಿದ್ದರೆ, ಲೆಕ್ಕ ಬರೆದವನೇ ಲೆಕ್ಕ ತಪಾಸಣೆ ಮಾಡಿದಂತಾಗುತ್ತದೆ.

ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂಬುದು ಮುಖ್ಯ. ಗಿಗಾಬಿಟ್ ತಂತಿಯಲ್ಲಿ ಅತಿ ಚಿಕ್ಕ ಫ್ರೇಮ್‌ಗಳು ಸೆಕೆಂಡಿಗೆ 14,88,095ರವರೆಗೆ ಬರಬಹುದು. ಪ್ರತಿಯೊಂದಕ್ಕೂ ಪ್ರೊಸೆಸರನ್ನು ಕರೆಯುವ ಕಾರ್ಡಿನಿಂದ ಸರ್ವರ್ ಉಸಿರುಗಟ್ಟುತ್ತದೆ. ಉತ್ತಮ ಚಿಪ್ ಹಲವನ್ನು ಒಟ್ಟುಗೂಡಿಸಿ ಒಮ್ಮೆ ಕರೆಯುತ್ತದೆ. ಇಂಟೆಲ್‌ನ ಐ210, ಐ350, ಬ್ರಾಡ್‌ಕಾಮ್‌ನ 5720 ಸರ್ವರ್‌ಗಳಲ್ಲಿ ಬಹುಕಾಲ ಪಳಗಿದವು. ಇಂಟೆಲ್ ಕಾರ್ಡುಗಳ ನಕಲುಗಳೂ ಮಾರುಕಟ್ಟೆಗೆ ಬಂದಿರುವುದರಿಂದ ಅಧಿಕೃತ ಮಾರಾಟಗಾರರ ಬಿಲ್ಲು ಪಡೆಯುವುದು ಕ್ಷೇಮ.

ಚಿಪ್ ಉತ್ತಮವಾದರೂ ತಂತ್ರಾಂಶ ಕೈಕೊಡಬಹುದು. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳು ಕೆಲವು ಇಂಟೆಲ್ ನೆಟ್‌ವರ್ಕ್ ಚಿಪ್‌ಗಳ ಶಾಶ್ವತ ಸ್ಮೃತಿಯನ್ನೇ ಅಳಿಸಿ ಅವನ್ನು ನಿರುಪಯುಕ್ತಗೊಳಿಸಿದವು. ಮೊದಲು ಸಂಶಯಕ್ಕೆ ಗುರಿಯಾದದ್ದು ಚಾಲಕ ತಂತ್ರಾಂಶ. ಕೊನೆಗೆ ತಪ್ಪು ಕಂಡುಬಂದದ್ದು ಕರ್ನಲ್‌ನ ಬೇರೊಂದು ಭಾಗದಲ್ಲಿ. ಹೊಸ ಆವೃತ್ತಿಯನ್ನು ವಹಿವಾಟಿನ ಸರ್ವರ್ ಮೇಲೆಯೇ ಮೊದಲು ಪ್ರಯೋಗಿಸುವುದು ಜಾಣತನವಲ್ಲ.

ಒಂದೇ ಸಂಪರ್ಕವನ್ನು ನಂಬದೆ ಎರಡನ್ನು ಇಟ್ಟುಕೊಳ್ಳುವುದಾದರೆ, ಅವನ್ನು ಎರಡು ಬೇರೆ ಸ್ವಿಚ್‌ಗಳಿಗೆ ಜೋಡಿಸಬೇಕು. ಒಂದು ದುಡಿಯುತ್ತಿರುವಾಗ ಇನ್ನೊಂದು ಕಾದಿರುವ ಏರ್ಪಾಡಿಗೆ ಸಾಮಾನ್ಯ ಸ್ವಿಚ್‌ಗಳೇ ಸಾಕು. ಎರಡನ್ನೂ ಏಕಕಾಲಕ್ಕೆ ದುಡಿಸುವ 802.3ಎಡಿ ವಿಧಾನದಲ್ಲಿ ಸಾಮಾನ್ಯವಾಗಿ ಎರಡೂ ತಂತಿಗಳು ಒಂದೇ ಸ್ವಿಚ್‌ಗೆ ಹೋಗುತ್ತವೆ. ಆ ಸ್ವಿಚ್ ಕೆಟ್ಟರೆ ಎರಡೂ ನಿಲ್ಲುತ್ತವೆ. ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವುವುದುಂಟು. ಎರಡು ಬಾಯಿಗಳಿರುವ ಒಂದೇ ಕಾರ್ಡಿಗಿಂತ ಎರಡು ಪ್ರತ್ಯೇಕ ಕಾರ್ಡುಗಳು ಲೇಸು.

ಅಳವಡಿಸಿದ ಮೇಲೆ ಕಾರ್ಡಿನ ದೋಷ ಎಣಿಕೆಗಳನ್ನು, ಲಿನಕ್ಸ್‌ನಲ್ಲಾದರೆ ಈಥ್‌ಟೂಲ್ ಮೂಲಕ, ತಿಂಗಳಿಗೊಮ್ಮೆ ಬರೆದಿಡಬೇಕು. ಸಿ.ಆರ್.ಸಿ. ದೋಷಗಳ ಸಂಖ್ಯೆ ಏರುತ್ತಿದ್ದರೆ ಮೊದಲು ತಂತಿಯನ್ನು, ನಂತರ ಸ್ವಿಚ್‌ನ ಪೋರ್ಟನ್ನು, ಕೊನೆಗೆ ಕಾರ್ಡನ್ನು ಬದಲಿಸಿ ನೋಡುವುದು ಕ್ರಮ.