ಕೌದಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಅಮ್ಮ ಹೊಲಿದ ಕೌದಿಗಳನ್ನು ಮಾರಬೇಕೆಂದಿದ್ದೇವೆ. ‘ಹಳೇ ಸೀರೆಯದು ತಾನೆ’ ಎಂದು ಗಿರಾಕಿಗಳು 500 ರೂಪಾಯಿಗೆ ಕೇಳುತ್ತಾರೆ. ಸರಿಯಾದ ಬೆಲೆ ಎಷ್ಟು?
– ಓದುಗರೊಬ್ಬರು, ಧಾರವಾಡ

ಉತ್ತರ: ಕೌದಿಯಲ್ಲಿ ಬೆಲೆಬಾಳುವುದು ಬಟ್ಟೆಯಲ್ಲ, ಕೈಕೆಲಸ. ಆದ್ದರಿಂದ ಲೆಕ್ಕವನ್ನು ಕೂಲಿಯಿಂದಲೇ ಶುರುಮಾಡಿ. 8 ದಿನದ ಹೊಲಿಗೆ, ದಿನಕ್ಕೆ 400 ರೂಪಾಯಿ ಎಂದಿಟ್ಟುಕೊಂಡರೆ ಕೂಲಿಯೇ 3,200. ದಾರ, ಅಸ್ತರಿಗೆ 400. ತೊಳೆಯುವುದು, ಸಾಗಣೆಗೆಂದು 400 ಸೇರಿಸಿ. ಒಟ್ಟು 4,000. ಇದಕ್ಕಿಂತ ಕಡಿಮೆಗೆ ಕೊಟ್ಟರೆ ಅಮ್ಮನ ಕೂಲಿಗೇ ಕತ್ತರಿ.

ಹೊಲಿಗೆ ಒತ್ತಾಗಿದ್ದಷ್ಟೂ ಬೆಲೆ ಏರುತ್ತದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ‘ಫೂಲ್’ ಕೂರಿಸುತ್ತಾರೆ. ಇಂಥ ವಿಶೇಷ ನಿಮ್ಮದರಲ್ಲೂ ಇದ್ದರೆ ಕೌದಿಯ ಜೊತೆಗಿಡುವ ಚೀಟಿಯಲ್ಲಿ ಬರೆಯಿರಿ.

ಮಾರುವ ಮುನ್ನ ಒದ್ದೆ ಬಿಳಿ ಬಟ್ಟೆಯಿಂದ ಕೆಂಪು, ನೀಲಿ ತುಂಡುಗಳನ್ನು ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಗಿರಾಕಿಗೆ ಮೊದಲೇ ಹೇಳಿ. ತೊಳೆದು ನೆರಳಲ್ಲಿ ಒಣಗಿಸಿ, ಸಡಿಲ ದಾರ ಕತ್ತರಿಸಿ, ಉದ್ದಗಲ ಅಳೆದಿಡಿ. ನುಸಿಗುಳಿಗೆ ಹಾಕಬೇಡಿ, ಆ ವಾಸನೆಗೇ ಗಿರಾಕಿ ಹಿಂದೆ ಸರಿಯುತ್ತಾರೆ. ಹಳೇ ಬಟ್ಟೆಯದೆಂಬುದನ್ನು ಮುಚ್ಚಿಡಬೇಡಿ. ಅದರ ಮೃದುತನ ಹೊಸ ಬಟ್ಟೆಗೆ ಬರದು.